ವಕೀಲ ಮಾಡಿದ ಸಾಲ ಯಾರದು?

ಜುಮಾ ದಿನ ಸೂರಃ ಅಲ್‌ಕಹ್ಫ್ ಓದುವ ರೂಢಿ ನಮ್ಮ ಹೆಚ್ಚಿನ ಮನೆಗಳಲ್ಲಿದೆ. ಅದರ 19ನೇ ಆಯತ್‌ನಲ್ಲಿ ಗುಹೆಯ ಯುವಕರು ಎಚ್ಚರಗೊಂಡು, ತಮ್ಮಲ್ಲಿದ್ದ ಬೆಳ್ಳಿ ನಾಣ್ಯವನ್ನು ಒಬ್ಬನ ಕೈಗೆ ಕೊಟ್ಟು ಆಹಾರ ತರಲು ಪೇಟೆಗೆ ಕಳಿಸುತ್ತಾರೆ. ಶುದ್ಧವಾದದ್ದನ್ನೇ ನೋಡಿ ತರಬೇಕು, ನಯವಾಗಿ ವರ್ತಿಸಬೇಕು, ನಮ್ಮ ಸುಳಿವು ಯಾರಿಗೂ ಸಿಗಬಾರದು ಎಂದು ಹೇಳಿಯೇ ಕಳಿಸುತ್ತಾರೆ. ಹಣ ಎಲ್ಲರದು, ಹೋದವನು ಒಬ್ಬ. ಒಬ್ಬನ ಕೆಲಸವನ್ನು ಅವನ ಪರವಾಗಿ ಇನ್ನೊಬ್ಬ ಮಾಡುವ 'ವಕಾಲತ್' ಧರ್ಮಸಮ್ಮತ ಎಂಬುದಕ್ಕೆ ಫಿಕ್ಹ್ ವಿದ್ವಾಂಸರು ಈ ಆಯತನ್ನು ಆಧಾರವಾಗಿ ತೋರಿಸಿದ್ದಾರೆ. ಕೆಲಸ ಒಪ್ಪಿಸುವವನು ಮುವಕ್ಕಿಲ್, ವಹಿಸಿಕೊಳ್ಳುವವನು ವಕೀಲ್. ಕೋರ್ಟಿನ ವಕೀಲರಿಗೆ ಹೆಸರು ಬಂದದ್ದೂ ಇಲ್ಲಿಂದಲೇ. ಆದರೆ ತಮ್ಮನ ಮನೆ ಕಟ್ಟಿಸುವ ಅಣ್ಣನೂ ವಕೀಲನೇ, ಕುರ್ಬಾನಿಗೆ ಆಡು ತರಲು ನಿಮ್ಮಿಂದ ಹಣ ಪಡೆದ ನೆರೆಯವನೂ ವಕೀಲನೇ.

ಈ ಇಬ್ಬರ ನಡುವಿನ ಅಮಾನತ್ ಬಗ್ಗೆ ಮಿಂಬರಿನಿಂದ ಹಲವು ಸಲ ಕೇಳಿದ್ದೀರಿ. ಮೂರನೆಯವನೊಬ್ಬನಿದ್ದಾನೆ, ವಕೀಲನ ಮಾತು ನಂಬಿ ಮಾಲು ಕೊಟ್ಟವನು. ಅವನ ಹಕ್ಕಿನ ಬಗ್ಗೆ ಖುತ್ಬಾದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಹೀಗೆ ಭಾವಿಸಿ. ತಮ್ಮ ದುಬೈಯಲ್ಲಿದ್ದಾನೆ, ಊರಲ್ಲಿ ಅವನ ಮನೆಯ ಕೆಲಸ ನಡೆಯುತ್ತಿದೆ. ಅಣ್ಣ ತಮ್ಮನ ಹೆಸರು ಹೇಳಿ ಅಂಗಡಿಯಿಂದ ಸಿಮೆಂಟು, ಕಬ್ಬಿಣ ತರುತ್ತಾನೆ. ಮೊದಲ ಮೂರು ಬಿಲ್ಲಿಗೆ ದುಬೈಯಿಂದ ಹಣ ಬಂತು. ನಾಲ್ಕನೆಯದು ದೊಡ್ಡದು. "5 ಲಕ್ಷ ದಾಟಬಾರದು ಎಂದು ಅಣ್ಣನಿಗೆ ಹೇಳಿದ್ದೆ, ಅವನನ್ನೇ ಕೇಳಿ" ಎನ್ನುತ್ತಾನೆ ತಮ್ಮ. "ಮನೆ ನನ್ನದಲ್ಲ, ನಾನೇಕೆ ಕೊಡಲಿ?" ಎನ್ನುತ್ತಾನೆ ಅಣ್ಣ. ಅಂಗಡಿಯವನು ಎರಡು ಬಾಗಿಲ ನಡುವೆ ಓಡಾಡುತ್ತಾನೆ.

ಕರಾವಳಿಯ ಬ್ಯಾರಿ, ನವಾಯತ ಕುಟುಂಬಗಳು ಹೆಚ್ಚಾಗಿ ಶಾಫಿಈ, ಘಟ್ಟದ ಮೇಲಿನವರಲ್ಲಿ ಬಹುಪಾಲು ಹನಫೀ. ಎರಡೂ ಮದ್‌ಹಬ್‌ಗಳು ಇಲ್ಲಿ ಅಣ್ಣನನ್ನು ಸುಮ್ಮನೆ ಬಿಡುವುದಿಲ್ಲ. ಹನಫೀ ಫಿಕ್ಹ್ ಪ್ರಕಾರ ವ್ಯಾಪಾರದ ಮಾತು ಆಡಿದವನೇ ಬೆಲೆಗೆ ಜವಾಬ್ದಾರ. ಅಂಗಡಿಯವನು ಕೇಳಬೇಕಾದದ್ದು ವಕೀಲನನ್ನು, ವಕೀಲ ಅದನ್ನು ಮುವಕ್ಕಿಲನಿಂದ ವಸೂಲು ಮಾಡಿಕೊಳ್ಳಬೇಕು. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ, ಸಾಲದ ಖರೀದಿಯಲ್ಲಿ ಇವನು ವಕೀಲನೆಂದು ಗೊತ್ತಿದ್ದರೂ ಅಂಗಡಿಯವನು ಇಬ್ಬರಲ್ಲಿ ಯಾರನ್ನಾದರೂ ಕೇಳಬಹುದು. ಮುವಕ್ಕಿಲ್ ಮೂಲ ಸಾಲಗಾರನಂತೆ, ವಕೀಲ ಜಾಮೀನುದಾರನಂತೆ. ನಿಕಾಹ್‌ನ ವಿಷಯ ಬೇರೆ. ಅಲ್ಲಿ ವಕೀಲ ಬರೀ ದೂತ, ತಾನೇ ಜಾಮೀನು ನಿಲ್ಲದಿದ್ದರೆ ಮಹ್ರ್ ಕೇಳಲು ಅವನ ಮನೆಗೆ ಹೋಗುವಂತಿಲ್ಲ.

ನಮ್ಮ ದೇಶದ ಕಾನೂನು 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿದೆ, 182ನೇ ಕಲಮಿನಿಂದ 238ರವರೆಗೆ. ಅದರ 230ನೇ ಕಲಂ ಏಜೆಂಟನಿಗೆ ಸಾಮಾನ್ಯವಾಗಿ ರಿಯಾಯಿತಿ ಕೊಡುತ್ತದೆ. ಯಾರ ಪರವಾಗಿ ಎಂದು ಹೇಳಿಯೇ ವ್ಯವಹರಿಸಿದರೆ ಅವನು ಸ್ವಂತಕ್ಕೆ ಹೊಣೆಯಲ್ಲ, ಯಜಮಾನನ ಹೆಸರು ಮುಚ್ಚಿಟ್ಟಿದ್ದರೆ ಹೊಣೆಗಾರನೆಂದೇ ಭಾವಿಸಲಾಗುತ್ತದೆ. ಹಾಗಾಗಿ ಬಿಲ್ಲು ತಮ್ಮನ ಹೆಸರಿನಲ್ಲಿದ್ದರೆ ಕಾನೂನು ಅಣ್ಣನನ್ನು ಬಿಟ್ಟೀತು, ಮದ್‌ಹಬ್ ಬಿಡುವುದಿಲ್ಲ.

ಇನ್ನು 5 ಲಕ್ಷದ ಮಿತಿಯ ಮಾತು. ಅಪ್ಪಣೆ ಮೀರಿ ಸಾಲದಲ್ಲಿ ತಂದದ್ದು ವಕೀಲನ ತಲೆಗೇ ಎಂದು ಫಿಕ್ಹ್ ಹೇಳುತ್ತದೆ. ಆದರೆ ಕಾಯ್ದೆಯ 237ನೇ ಕಲಂ ಅಂಗಡಿಯವನ ಕಡೆಯಿಂದ ನೋಡುತ್ತದೆ. ಯಜಮಾನ ತನ್ನ ಮಾತಿನಿಂದಲೋ ನಡೆಯಿಂದಲೋ "ಇವನಿಗೆ ಅಧಿಕಾರವಿದೆ" ಎಂಬ ನಂಬಿಕೆ ಹುಟ್ಟಿಸಿದ್ದರೆ, ಒಳಗೊಳಗೇ ಹಾಕಿದ ಮಿತಿ ಮೂರನೆಯವನನ್ನು ಕಟ್ಟುವುದಿಲ್ಲ. 187ನೇ ಕಲಮಿನ ಕೆಳಗೆ ಕಾಯ್ದೆಯೇ ಒಂದು ಉದಾಹರಣೆ ಕೊಟ್ಟಿದೆ: ಕಲ್ಕತ್ತೆಯಲ್ಲಿರುವ ಒಬ್ಬನ ಅಂಗಡಿ ಸೆರಾಂಪುರದಲ್ಲಿದೆ. ಅದನ್ನು ನೋಡಿಕೊಳ್ಳುವವನು ಯಜಮಾನನ ಹೆಸರಿನಲ್ಲಿ ಮಾಲು ತರಿಸಿ, ಅವನಿಗೆ ಗೊತ್ತಿದ್ದೇ ಅವನ ಹಣದಿಂದ ಬೆಲೆ ಕೊಡುತ್ತಿರುತ್ತಾನೆ. ಅವನಿಗೆ ಹೇಳದೆಯೇ ಬಂದ ಅಧಿಕಾರವಿದೆ. ಕಲ್ಕತ್ತೆಯ ಜಾಗದಲ್ಲಿ ದುಬೈ ಎಂದು ಓದಿಕೊಳ್ಳಿ. ಮೂರು ಬಿಲ್ಲಿಗೆ ಮಾತಾಡದೆ ಹಣ ಕಳಿಸಿದವನು ನಾಲ್ಕನೆಯದಕ್ಕೆ ಅಂಗಡಿಯವನನ್ನು ಅಣ್ಣನ ಮನೆಗೆ ಕಳಿಸುವುದು ಕಾನೂನಿನಲ್ಲೂ ಕಷ್ಟ. ಆ ಸಿಮೆಂಟು ಅವನ ಗೋಡೆಯಾಗಿ ನಿಂತಿದೆಯಲ್ಲ! ತಮ್ಮ ಅಂಗಡಿಯ ಬಾಕಿ ತೀರಿಸಲಿ, ಅಣ್ಣನೊಂದಿಗಿನ ಲೆಕ್ಕ ಮನೆಯೊಳಗೆ ಆಗಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ನಷ್ಟವನ್ನೂ ಅಣ್ಣನ ಮೇಲೆ ಹಾಕುವಂತಿಲ್ಲ. ವಕೀಲನ ಕೈ ಅಮಾನತಿನ ಕೈ. ಟಾರ್ಪಾಲು ಹೊದಿಸಿ ಜೋಪಾನ ಮಾಡಿದ್ದರೂ ಮಳೆಗೆ ಸಿಮೆಂಟು ಗಟ್ಟಿಯಾದರೆ ನಷ್ಟ ತಮ್ಮನದು. ಬಯಲಲ್ಲಿ ಬಿಟ್ಟು ಮದುವೆಗೆ ಹೋಗಿದ್ದರೆ ಅಣ್ಣನದು.

ಲಾಭದ ವಿಷಯದಲ್ಲಿ ಬುಖಾರಿಯಲ್ಲಿರುವ ಉರ್ವಃ ಅಲ್‌ಬಾರಿಕೀ(ರ) ಅವರ ಪ್ರಸಂಗ ನೆನಪಿಡಬೇಕು. ಪ್ರವಾದಿ(ಸ) ಅವರಿಗೆ ಒಂದು ದೀನಾರ್ ಕೊಟ್ಟು ಒಂದು ಕುರಿ ತರಲು ಹೇಳಿದ್ದರು. ಅವರು ಆ ದೀನಾರ್‌ಗೆ ಎರಡು ಕೊಂಡು, ಒಂದನ್ನು ಒಂದು ದೀನಾರ್‌ಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿ(ಸ) ಅವರ ವ್ಯಾಪಾರಕ್ಕೆ ಬರಕತ್ ಕೋರಿ ದುಆ ಮಾಡಿದರು. ಮಾಲೀಕನ ಅಪ್ಪಣೆಯಿಲ್ಲದೆ ಮಾಡಿದ ಮಾರಾಟ ಅವನು ಒಪ್ಪಿದರೆ ಊರ್ಜಿತ ಎನ್ನಲು ಹನಫೀಗಳು ಇದನ್ನೇ ಆಧರಿಸುತ್ತಾರೆ. ಶಾಫಿಈಗಳಲ್ಲಿ ಅಂಥ ಮಾರಾಟ ಮೊದಲಿಗೇ ಅಸಿಂಧು. ಆ ಚರ್ಚೆ ಹೇಗೂ ಇರಲಿ, ಉಳಿದ ದೀನಾರ್ ಉರ್ವಃರ ಜೇಬಿಗೆ ಹೋಗಲಿಲ್ಲ. ಬಕ್ರೀದ್ ಸಮಯದಲ್ಲಿ ಹತ್ತು ಮನೆಯ ಹಣ ಪಡೆದು, ಆಡೊಂದಕ್ಕೆ ಇಷ್ಟೆಂದು ವ್ಯಾಪಾರಿಯಿಂದ ಗುಟ್ಟಾಗಿ ಕಮಿಷನ್ ತೆಗೆದುಕೊಳ್ಳುವವರು ಇದನ್ನು ಗಮನಿಸಬೇಕು. ಕೂಲಿ ಬೇಕಿದ್ದರೆ ಮೊದಲೇ ಹೇಳಿ ಪಡೆಯಲಿ, ಅದು ಹಲಾಲ್. ಹೇಳದೆ ಪಡೆದದ್ದು ಹಣ ಕೊಟ್ಟವರದು. ಝಕಾತ್ ಸಂಗ್ರಹಿಸಲು ಹೋದವನೊಬ್ಬ "ಇದು ನಿಮಗೆ, ಇದು ನನಗೆ ಸಿಕ್ಕ ಉಡುಗೊರೆ" ಎಂದಾಗ ಪ್ರವಾದಿ(ಸ) ಮಿಂಬರ್ ಏರಿ, ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬರ್ಥದಲ್ಲಿ ಕೇಳಿದ್ದರು. ಯಜಮಾನನಿಗೆ ತಿಳಿಸದೆ ಅವನ ಕೆಲಸದಲ್ಲಿ ಏಜೆಂಟ್ ಸ್ವಂತ ವ್ಯವಹಾರ ಮಾಡಿ ಗಳಿಸಿದ್ದನ್ನು ಯಜಮಾನ ಕೇಳಿ ಪಡೆಯಬಹುದೆಂದು ಕಾಯ್ದೆಯ 216ನೇ ಕಲಂ ಹೇಳುತ್ತದೆ.

ಅಧಿಕಾರ ಹಿಂತೆಗೆದುಕೊಳ್ಳುವಾಗ ನಮ್ಮವರು ಎಡವುವುದು ಹೆಚ್ಚು. ಅಣ್ಣನಿಗೆ ಫೋನಿನಲ್ಲಿ "ಇನ್ನು ನೀನು ನೋಡಬೇಡ" ಎಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಶಾಫಿಈ ಅಭಿಪ್ರಾಯದಲ್ಲಿ ವಜಾ ಮಾಡಿದ ಕ್ಷಣವೇ ಜಾರಿ, ಹನಫೀಯಲ್ಲಿ ವಕೀಲನಿಗೆ ತಿಳಿದ ಮೇಲೆ. 208ನೇ ಕಲಮಿನಂತೆ ಮೂರನೆಯವನ ಮಟ್ಟಿಗೆ ಅದು ಅವನಿಗೆ ತಿಳಿದ ಮೇಲಷ್ಟೇ ಜಾರಿ. ಆದ್ದರಿಂದ ಸಾಲ ಕೊಡುವ ಅಂಗಡಿಗಳಿಗೂ ಗುತ್ತಿಗೆದಾರನಿಗೂ ಬರವಣಿಗೆಯಲ್ಲಿ ತಿಳಿಸಿ, ವಾಟ್ಸಾಪ್‌ನಲ್ಲಾದರೂ ಸರಿ. ಕೊಟ್ಟ ಪವರ್ ಆಫ್ ಅಟಾರ್ನಿ ನೋಂದಣಿಯಾಗಿದ್ದರೆ ರದ್ದತಿಯನ್ನೂ ನೋಂದಾಯಿಸಿ.

ಮರಣದಿಂದ ವಕಾಲತ್ ಮುಗಿಯುತ್ತದೆ, ಫಿಕ್ಹ್‌ನಲ್ಲೂ 201ನೇ ಕಲಮಿನಲ್ಲೂ. ಏಜೆಂಟನಿಗೇ ಆ ಆಸ್ತಿಯಲ್ಲಿ ಹಿತವಿದ್ದರೆ ಕಾಯ್ದೆಯಲ್ಲಿ ಒಂದು ಅಪವಾದವುಂಟು, ಅದನ್ನು ಕಾಗದ ತೋರಿಸಿ ವಕೀಲರಿಂದಲೇ ತಿಳಿಯಬೇಕು. ತಂದೆ ತೀರಿದ್ದು ಗೊತ್ತಿದ್ದೂ ಅವರು ಕೊಟ್ಟಿದ್ದ ಹಳೆಯ ಜಿಪಿಎ ಹಿಡಿದು ಚಿಕ್ಕಪ್ಪ ಸೈಟು ಮಾರಲು ಬರುವುದಿಲ್ಲ. ಅಷ್ಟರಲ್ಲಿ ಸೈಟು ಹೆಣ್ಣುಮಕ್ಕಳೂ ಸೇರಿ ವಾರಸುದಾರರದಾಗಿರುತ್ತದೆ. ತಂದೆ ಬದುಕಿದ್ದಾಗಲೂ ಬರೀ ಜಿಪಿಎಯಿಂದ ಕೊಂಡವನಿಗೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಸೂರಃ ಅನ್ನಿಸಾದ 11ನೇ ಆಯತ್‌ನಂತೆ ಪಾಲು ಮಾಡುವುದು ಸಾಲ ತೀರಿದ ಮೇಲೆ. ತಂದೆಯ ಹೆಸರಿನಲ್ಲಿ ವಕೀಲ ತಂದ ಮಾಲಿನ ಬಾಕಿಯೂ ಆ ಸಾಲದ ಪಟ್ಟಿಯಲ್ಲಿ ಇರಬೇಕು. ಮೂರು ದಿನ ಕಳೆಯುವುದರೊಳಗೆ ಅಂಗಡಿಗಳಲ್ಲಿ ವಿಚಾರಿಸಿ ಬರೆದಿಟ್ಟುಕೊಂಡರೆ ಒಳ್ಳೆಯದು.