ಸೇರಿಸುವ ಮುನ್ನ ಒಂದು ಮಾತು

ಕಂಪ್ಯೂಟರ್ ಕಲಿತ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು: 'ಇವತ್ತು ನನ್ನ ಎಂಆರ್ ಮರ್ಜ್ ಆಯಿತು.' ಇನ್ನೊಂದು ದಿನ ಅವಳೇ ಮುಖ ಸಪ್ಪೆ ಮಾಡಿಕೊಂಡು, 'ಎಂಆರ್ ವಾಪಸ್ ಬಂತು, ತಿದ್ದಿ ಕೊಡಬೇಕಂತೆ' ಎನ್ನುತ್ತಾಳೆ. ಏನಿದು ಎಂಆರ್? ಅದು ಬಂದರೆ ಸಂತೋಷವೇಕೆ, ವಾಪಸಾದರೆ ಬೇಸರವೇಕೆ?

ಎಂಆರ್ ಎಂದರೆ ಮರ್ಜ್ ರಿಕ್ವೆಸ್ಟ್. 'ನಾನು ಮಾಡಿದ ಈ ಬದಲಾವಣೆಯನ್ನು ಮೂಲದೊಂದಿಗೆ ಸೇರಿಸಿಕೊಳ್ಳಿ' ಎಂಬ ಕೋರಿಕೆ. ಇಂದು ಜಗತ್ತಿನ ಬಹುಪಾಲು ಸಾಫ್ಟ್‌ವೇರ್ ಇಂಥ ಕೋರಿಕೆಗಳ ಮೂಲಕವೇ ಬೆಳೆಯುತ್ತಿದೆ.

'ಅದರ ಗೊಡವೆ ನಮಗೇಕೆ?' ಎನ್ನಬೇಡಿ. ನಮ್ಮ ಮನೆಗಳಲ್ಲಿ ಬಿಸಿಎ, ಎಂಸಿಎ, ಇಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳಿದ್ದಾರೆ. ಮದುವೆಯಾಗಿ, ಮಕ್ಕಳಾಗಿ ನಾಲ್ಕೈದು ವರ್ಷ ಕೆಲಸದಿಂದ ದೂರ ಉಳಿದವರೂ ಇದ್ದಾರೆ. ಮತ್ತೆ ಉದ್ಯೋಗಕ್ಕೆ ಹೊರಟಾಗ ಅವರಿಗೆ ಎದುರಾಗುವ ಮೊದಲ ಪ್ರಶ್ನೆ, 'ಇಷ್ಟು ದಿನ ಏನು ಮಾಡಿದಿರಿ?' ಎಂಬುದು. ಮನೆಯಲ್ಲಿ ಕುಳಿತೇ ಮಾಡಿದ, ಜಗತ್ತು ನೋಡಬಹುದಾದ, ಬಲ್ಲವರು ಒಪ್ಪಿದ ಕೆಲಸವನ್ನು ಆಗ ತೋರಿಸುವಂತಿದ್ದರೆ ಎಷ್ಟು ಚೆನ್ನ! ಮರ್ಜ್ ರಿಕ್ವೆಸ್ಟ್ ಅಂಥದ್ದೊಂದು ದಾರಿ. ಅದಕ್ಕೆ ಶುಲ್ಕವಿಲ್ಲ, ಪದವಿ ಪತ್ರ ಕೇಳುವವರಿಲ್ಲ.

ಒಂದು ಅಡುಗೆ ಪುಸ್ತಕ, ಮೂರು ಕೈಗಳು

ಹೀಗೆಂದು ಊಹಿಸಿಕೊಳ್ಳಿ. ಉಮ್ಮನ ಬಳಿ ಒಂದು ಅಡುಗೆ ಪುಸ್ತಕವಿದೆ. ಬಿರಿಯಾನಿ, ಪತ್ತಿರಿ, ಹಲ್ವ ಎಲ್ಲದರ ಅಳತೆ ಅದರಲ್ಲಿದೆ. ದೊಡ್ಡ ಮಗಳು ಬೆಂಗಳೂರಿನಲ್ಲಿ, ಸೊಸೆ ಜಿದ್ದಾದಲ್ಲಿ, ಚಿಕ್ಕ ಮಗಳು ಮನೆಯಲ್ಲಿ. ಮೂವರಿಗೂ ಅದರಲ್ಲಿ ತಿದ್ದುವ ಆಸೆ. ಒಬ್ಬಳು ಉಪ್ಪು ಎರಡು ಚಮಚ ಎಂದು ಬರೆದರೆ, ಇನ್ನೊಬ್ಬಳು ಅದನ್ನು ಹೊಡೆದು ಮೂರು ಎನ್ನುತ್ತಾಳೆ. ಕೊನೆಗೆ ಬರೆದವಳ ಮಾತೇ ಉಳಿಯುತ್ತದೆ. ಯಾರು ಬದಲಿಸಿದರು, ಯಾವಾಗ, ಏಕೆ ಎಂಬುದು ಯಾರಿಗೂ ತಿಳಿಯದು. ಮದುವೆಯ ದಿನ ಬಿರಿಯಾನಿ ಉಪ್ಪಾದಾಗಲೇ ತಪ್ಪು ಗೊತ್ತಾಗುವುದು.

ಇದಕ್ಕೆ ಪರಿಹಾರವೇನು? ಪ್ರತಿಯೊಬ್ಬರೂ ಪುಸ್ತಕದ ಒಂದು ಪ್ರತಿ ಇಟ್ಟುಕೊಳ್ಳಬೇಕು. ತಿದ್ದುವುದನ್ನು ತಮ್ಮ ಪ್ರತಿಯಲ್ಲಿ ತಿದ್ದಬೇಕು. ಬಳಿಕ, 'ಉಮ್ಮಾ, ಈ ಕಾರಣಕ್ಕೆ ಈ ಸಾಲು ಬದಲಿಸಿದ್ದೇನೆ, ನೋಡಿ ಸೇರಿಸಿಕೊಳ್ಳಿ' ಎಂದು ಕೇಳಬೇಕು. ಉಮ್ಮ ಓದುತ್ತಾರೆ, ಸಂಶಯವಿದ್ದರೆ ಪ್ರಶ್ನಿಸುತ್ತಾರೆ, ಒಪ್ಪಿಗೆಯಾದರೆ ಮೂಲ ಪುಸ್ತಕಕ್ಕೆ ಸೇರಿಸುತ್ತಾರೆ. ಮರ್ಜ್ ರಿಕ್ವೆಸ್ಟ್‌ನ ತಿರುಳು ಇಷ್ಟೇ. ಪುಸ್ತಕದ ಬದಲು ಸಾವಿರಾರು ಫೈಲುಗಳು, ಮೂರು ಕೈಗಳ ಬದಲು ನೂರಾರು ಕೈಗಳು.

ಬಾವಿಯ ನೀರು ಹೊರುತ್ತಿದ್ದ ಯುವಕ

ಈ ವ್ಯವಸ್ಥೆಯ ಬುಡದಲ್ಲಿರುವುದು ಗಿಟ್ ಎಂಬ ಸಾಧನ. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆದರು. ಅದುವರೆಗೆ ಲಿನಕ್ಸ್ ತಂಡ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಉಚಿತವಾಗಿ ಬಳಸುತ್ತಿತ್ತು. ಆ ಅವಕಾಶ ಕೈತಪ್ಪಿದಾಗ ಅವರು ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಗಿಟ್ ಪ್ರತಿಯೊಂದು ಬದಲಾವಣೆಯನ್ನೂ ಬರೆದವರ ಹೆಸರು, ದಿನಾಂಕ, ವಿವರಣೆಯೊಂದಿಗೆ ದಾಖಲಿಸಿಡುತ್ತದೆ.

ಗಿಟ್‌ನಲ್ಲಿಟ್ಟ ಕೆಲಸವನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳಲು 2008ರಲ್ಲಿ ಗಿಟ್‌ಹಬ್ ಬಂತು. 2011ರಲ್ಲಿ ಉಕ್ರೇನಿನ ದಿಮಿತ್ರಿ ಜಪೊರೋಜೆಟ್ಸ್ ಎಂಬ ಯುವಕ ಗಿಟ್‌ಲ್ಯಾಬನ್ನು ಆರಂಭಿಸಿದರು. ಆಗ ಅವರ ಮನೆಯಲ್ಲಿ ನಲ್ಲಿ ನೀರಿರಲಿಲ್ಲ, ದಿನವೂ ಸಾರ್ವಜನಿಕ ಬಾವಿಯಿಂದ ನೀರು ತರಬೇಕಿತ್ತು. ಆದರೆ ನೀರು ಹೊರುವ ಕಷ್ಟಕ್ಕಿಂತ ಒಟ್ಟಾಗಿ ಕೆಲಸ ಮಾಡಲು ಒಳ್ಳೆಯ ಸಾಧನವಿಲ್ಲದ ಕಷ್ಟವೇ ಅವರಿಗೆ ದೊಡ್ಡದಾಗಿ ಕಂಡಿತ್ತು ಎಂದು ಆ ಸಂಸ್ಥೆ ತನ್ನ ಇತಿಹಾಸದಲ್ಲಿ ಹೇಳಿಕೊಂಡಿದೆ. ಕೊಡ ಹೊತ್ತು ಗೊತ್ತಿರುವ ನಮ್ಮ ಓದುಗರಿಗೆ ಆ ಹಂಬಲದ ತೂಕ ಅರ್ಥವಾದೀತು. 2021ರ ಅಕ್ಟೋಬರ್‌ನಲ್ಲಿ ಗಿಟ್‌ಲ್ಯಾಬ್ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಕಾಲಿಟ್ಟಿತು.

ಗಿಟ್‌ಹಬ್‌ನಲ್ಲಿ ಈ ಕೋರಿಕೆಯನ್ನು ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಗಿಟ್‌ಲ್ಯಾಬ್‌ನಲ್ಲಿ ಅದೇ ಮರ್ಜ್ ರಿಕ್ವೆಸ್ಟ್. ಹೆಸರು ಬೇರೆ, ಕೆಲಸ ಒಂದೇ.

ಹಂತ ಹಂತವಾಗಿ

ಈಗ ಕೋರಿಕೆ ಸಲ್ಲಿಸುವುದು ಹೇಗೆಂದು ನೋಡೋಣ. ಗಿಟ್‌ಲ್ಯಾಬ್‌ನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲನೆಯದು ಪ್ರತಿ ಪಡೆಯುವುದು. ಒಂದು ಯೋಜನೆಯ ಫೈಲುಗಳೆಲ್ಲ ಇರುವ ಸ್ಥಳಕ್ಕೆ ರೆಪೊಸಿಟರಿ ಎನ್ನುತ್ತಾರೆ. ನೀವು ಆ ತಂಡದ ಸದಸ್ಯೆಯಲ್ಲದಿದ್ದರೆ ಅದನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿಕೊಳ್ಳಬೇಕು. ಬಳಿಕ ನಿಮ್ಮ ಕಂಪ್ಯೂಟರಿಗೆ ಕ್ಲೋನ್ ಮಾಡಿಕೊಳ್ಳಬೇಕು.

ಎರಡನೆಯದು ಬ್ರಾಂಚ್, ಅಂದರೆ ಕೊಂಬೆ. ಮೂಲ ಕಾಂಡವನ್ನು ಸಾಮಾನ್ಯವಾಗಿ ಮೇನ್ ಎನ್ನುತ್ತಾರೆ. ಅದನ್ನು ಮುಟ್ಟದೆ ನಿಮ್ಮದೇ ಕೊಂಬೆಯೊಂದನ್ನು ತೆರೆದು, ಕೆಲಸಕ್ಕೆ ತಕ್ಕ ಹೆಸರಿಡಿ. ಒಂದು ಕೊಂಬೆಯಲ್ಲಿ ಒಂದೇ ಕೆಲಸವಿರಲಿ.

ಮೂರನೆಯದು ಕಮಿಟ್. ತಿದ್ದಿದ ಮೇಲೆ ಏನು ತಿದ್ದಿದಿರಿ ಎಂದು ಒಂದು ಸಾಲು ಬರೆದು ದಾಖಲಿಸುವುದು. 'ಬದಲಾವಣೆ' ಎಂದಷ್ಟೇ ಬರೆದರೆ ಆರು ತಿಂಗಳ ನಂತರ ನಿಮಗೇ ಅರ್ಥವಾಗದು. 'ಲಾಗಿನ್ ಪುಟದ ಕಾಗುಣಿತ ತಿದ್ದಲಾಗಿದೆ' ಎಂದರೆ ಸ್ಪಷ್ಟ.

ನಾಲ್ಕನೆಯದು ಪುಶ್. ನಿಮ್ಮ ಕಂಪ್ಯೂಟರಿನಲ್ಲಿರುವ ಕೊಂಬೆಯನ್ನು ಗಿಟ್‌ಲ್ಯಾಬಿಗೆ ಕಳುಹಿಸುವುದು. ಹೊಸ ಕೊಂಬೆಯನ್ನು ಕಳುಹಿಸಿದಾಗ ಮರ್ಜ್ ರಿಕ್ವೆಸ್ಟ್ ತೆರೆಯುವ ಕೊಂಡಿಯನ್ನು ಗಿಟ್‌ಲ್ಯಾಬೇ ಪರದೆಯಲ್ಲಿ ತೋರಿಸುತ್ತದೆ. ಯೋಜನೆಯ ಪುಟದಲ್ಲಿ 'ಮರ್ಜ್ ರಿಕ್ವೆಸ್ಟ್ಸ್' ವಿಭಾಗಕ್ಕೆ ಹೋಗಿ 'ನ್ಯೂ' ಒತ್ತಿದರೂ ಆದೀತು.

ಐದನೆಯದು ಅರ್ಜಿ ತುಂಬುವುದು. ಯಾವ ಕೊಂಬೆಯಿಂದ ಯಾವ ಕೊಂಬೆಗೆ ಸೇರಬೇಕು ಎಂಬುದನ್ನು ಮೊದಲು ಸರಿಯಾಗಿ ನೋಡಿಕೊಳ್ಳಿ. ಶೀರ್ಷಿಕೆ ಚಿಕ್ಕದಾಗಿರಲಿ. ವಿವರಣೆಯಲ್ಲಿ ಮೂರು ಸಂಗತಿಗಳಿರಲಿ: ಏನು ಬದಲಿಸಿದಿರಿ, ಏಕೆ ಬದಲಿಸಿದಿರಿ, ಅದು ಸರಿಯಾಗಿದೆಯೆಂದು ಪರೀಕ್ಷಿಸುವುದು ಹೇಗೆ. ಪರದೆಯಲ್ಲಿ ಕಾಣುವ ಬದಲಾವಣೆಯಾಗಿದ್ದರೆ ಹಿಂದಿನ ಮತ್ತು ಈಗಿನ ಚಿತ್ರಗಳನ್ನೂ ಹಾಕಿ. ಆ ತಂಡದವರು 12ನೇ ಸಂಖ್ಯೆಯ ದೂರಾಗಿ ದಾಖಲಿಸಿದ್ದ ದೋಷವನ್ನು ನೀವು ಸರಿಪಡಿಸಿದ್ದರೆ 'ಕ್ಲೋಸಸ್ #12' ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಬದಲಾವಣೆ ಮೇನ್‌ಗೆ ಸೇರಿದೊಡನೆ ಆ ದೂರು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲಸ ಇನ್ನೂ ಬಾಕಿಯಿದ್ದರೆ ಶೀರ್ಷಿಕೆಯ ಮೊದಲು 'ಡ್ರಾಫ್ಟ್' ಎಂದು ಸೂಚಿಸಿ. ಆ ಗುರುತು ತೆಗೆಯುವವರೆಗೆ ಯಾರೂ ಅದನ್ನು ಸೇರಿಸಲಾಗದು.

ಕೊನೆಯದು ಪರಿಶೀಲನೆ. ಅನೇಕ ಯೋಜನೆಗಳಲ್ಲಿ ಮೊದಲು ಯಂತ್ರವೇ ಪರೀಕ್ಷೆ ನಡೆಸುತ್ತದೆ. ಇದನ್ನು ಪೈಪ್‌ಲೈನ್ ಎನ್ನುತ್ತಾರೆ. ಹಸಿರು ಗುರುತು ಬಂದರೆ ಪಾಸು, ಕೆಂಪು ಬಂದರೆ ಎಲ್ಲೋ ತೊಡಕಿದೆ. ಆಮೇಲೆ ರಿವ್ಯೂವರ್, ಅಂದರೆ ಪರಿಶೀಲಕರು ಓದುತ್ತಾರೆ. ಹಳೆಯ ಸಾಲು ಕೆಂಪು ಹಿನ್ನೆಲೆಯಲ್ಲಿ, ಹೊಸ ಸಾಲು ಹಸಿರು ಹಿನ್ನೆಲೆಯಲ್ಲಿ ಕಾಣುವುದರಿಂದ ವ್ಯತ್ಯಾಸ ತಿಳಿಯುವುದು ಸುಲಭ. ಅವರು ತಿದ್ದಲು ಹೇಳಿದರೆ ಹೊಸ ಕೋರಿಕೆ ಬೇಕಿಲ್ಲ. ಅದೇ ಕೊಂಬೆಯಲ್ಲಿ ತಿದ್ದಿ ಮತ್ತೆ ಪುಶ್ ಮಾಡಿದರೆ ಸಾಕು, ಕೋರಿಕೆ ತಾನಾಗಿ ಹೊಸದಾಗುತ್ತದೆ.

ಇಬ್ಬರು ಒಂದೇ ಸಾಲನ್ನು ತಿದ್ದಿದರೆ?

ಕೆಲವೊಮ್ಮೆ ನೀವು ತಿದ್ದಿದ ಸಾಲನ್ನೇ ಇನ್ನೊಬ್ಬರೂ ತಿದ್ದಿ, ಅವರ ಕೋರಿಕೆ ಮೊದಲು ಸೇರಿಬಿಟ್ಟಿರುತ್ತದೆ. ಆಗ 'ಕಾನ್‌ಫ್ಲಿಕ್ಟ್' ಎಂಬ ಸೂಚನೆ ಬರುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ. ಇಬ್ಬರಲ್ಲಿ ಯಾರ ಸಾಲು ಸರಿಯೆಂದು ಯಂತ್ರಕ್ಕೆ ತಿಳಿಯದು, ಅದಕ್ಕೇ ನಿಮ್ಮನ್ನು ಕೇಳುತ್ತಿದೆ. ಎರಡೂ ಸಾಲುಗಳನ್ನು ಒಂದರ ಕೆಳಗೆ ಒಂದಿಟ್ಟು ತೋರಿಸುತ್ತದೆ. ಯಾವುದನ್ನು ಉಳಿಸಬೇಕು ಎಂದು ಆರಿಸಿ, ಅಗತ್ಯವಿದ್ದರೆ ಎರಡನ್ನೂ ಕೂಡಿಸಿ ಬರೆದು ಉಳಿಸಿದರಾಯಿತು. ಇನ್ನೊಬ್ಬರ ಸಾಲನ್ನು ಅಳಿಸುವ ಮುನ್ನ ಅದನ್ನು ಏಕೆ ಬರೆದರೆಂದು ಓದಿ ನೋಡುವುದು ಒಳ್ಳೆಯದು.

ಒಂದು ಸಾಲಿನ ಬೆಲೆ

ಇಷ್ಟೊಂದು ತಪಾಸಣೆ ಏಕೆ ಎಂದು ನಿಮಗನಿಸಬಹುದು. ಎರಡು ಘಟನೆಗಳನ್ನು ನೋಡಿ.

2014ರ ಫೆಬ್ರವರಿಯಲ್ಲಿ ಆಪಲ್ ಕಂಪೆನಿ ಐಫೋನುಗಳಿಗೆ ತುರ್ತು ತಿದ್ದುಪಡಿ ಬಿಡುಗಡೆ ಮಾಡಿತು. ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಭಾಗದಲ್ಲಿ 'ಗೋಟು ಫೇಲ್' ಎಂಬ ಒಂದೇ ಸಾಲು ಎರಡು ಬಾರಿ ಬಿದ್ದಿತ್ತು. ಆ ಹೆಚ್ಚುವರಿ ಸಾಲಿನಿಂದಾಗಿ ಮುಖ್ಯವಾದ ಪರೀಕ್ಷೆಯೊಂದು ನಡೆಯದೆ ಹಾರಿಹೋಗುತ್ತಿತ್ತು. ನಡುವೆ ಕದ್ದು ಕೇಳುವವರಿಗೆ ಬಾಗಿಲು ತೆರೆದಂತಾಗಿತ್ತು.

ಅದೇ ವರ್ಷ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಅಂತರ್ಜಾಲದ ಅಸಂಖ್ಯ ತಾಣಗಳು ಗುಟ್ಟು ಕಾಪಾಡಲು ನೆಚ್ಚಿಕೊಂಡಿದ್ದ ಓಪನ್ ಎಸ್‌ಎಸ್‌ಎಲ್‌ಗೆ 2011ರ ಡಿಸೆಂಬರ್ 31ರಂದು ಸೇರಿದ ಬದಲಾವಣೆಯೊಂದರಲ್ಲಿ ಅದು ಅಡಗಿತ್ತು. ಬರೆದವರಲ್ಲದೆ ಇನ್ನೊಬ್ಬರೂ ಅದನ್ನು ಓದಿದ್ದರು. ಆದರೂ ತಪ್ಪು ಕಣ್ಣಿಗೆ ಬೀಳಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಪಾಸ್‌ವರ್ಡ್‌ಗಳು ಸೋರುವ ಅಪಾಯವಿತ್ತು.

ಇದರ ಪಾಠವೇನು? ಇನ್ನೊಂದು ಜೊತೆ ಕಣ್ಣು ಬೇಕು, ಆ ಕಣ್ಣುಗಳಿಗೆ ಬಿಡುವೂ ಇರಬೇಕು. ಆದ್ದರಿಂದಲೇ ಕೋರಿಕೆ ಚಿಕ್ಕದಾಗಿರಬೇಕು ಎಂದು ಅನುಭವಿಗಳು ಹೇಳುತ್ತಾರೆ. ಐವತ್ತು ಸಾಲುಗಳನ್ನು ಯಾರೂ ಗಮನವಿಟ್ಟು ಓದಬಲ್ಲರು. ಐದು ಸಾವಿರ ಸಾಲುಗಳನ್ನು ಮುಂದಿಟ್ಟರೆ ಓದುವವರು ಕಣ್ಣಾಡಿಸಿ 'ಸರಿ' ಎಂದುಬಿಡುವ ಅಪಾಯವಿದೆ.

ಹೆಸರು ಕಂಡಾಗ, ಕಾಣದಾಗ

ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಅಧ್ಯಯನವಿದೆ. ಅಮೆರಿಕದ ಸಂಶೋಧಕರು ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳನ್ನು ಪರಿಶೀಲಿಸಿ, 2017ರಲ್ಲಿ 'ಪಿಯರ್‌ಜೆ ಕಂಪ್ಯೂಟರ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಒಟ್ಟಾರೆಯಾಗಿ ಮಹಿಳೆಯರ ಕೋರಿಕೆಗಳಲ್ಲಿ ಶೇ. 78ಕ್ಕಿಂತ ಹೆಚ್ಚು ಸ್ವೀಕೃತವಾಗಿದ್ದವು. ಪುರುಷರದು ಶೇ. 74.6. ಅಂದರೆ ಮಹಿಳೆಯರ ಕೆಲಸವೇ ಹೆಚ್ಚು ಮೆಚ್ಚುಗೆ ಪಡೆದಿತ್ತು. ಆದರೆ ತಂಡಕ್ಕೆ ಹೊರಗಿನವರು ಕಳಿಸಿದ ಕೋರಿಕೆಗಳಲ್ಲಿ, ಕಳಿಸಿದವರು ಹೆಣ್ಣೋ ಗಂಡೋ ಎಂದು ಗುರುತು ಸಿಗುವಂತಿದ್ದಾಗ, ಮಹಿಳೆಯರ ಸ್ವೀಕೃತಿಯ ಪ್ರಮಾಣ ಪುರುಷರದಕ್ಕಿಂತ ಕೆಳಗಿಳಿದಿತ್ತು.

ಈ ಅಂಕಿಗಳಲ್ಲಿ ಬೇಸರವೂ ಇದೆ, ಧೈರ್ಯವೂ ಇದೆ. ಪೂರ್ವಗ್ರಹ ಇರುವುದು ನಿಜ. ಆದರೆ ಅದು ಇರುವುದು ನೋಡುವವರ ಕಣ್ಣಿನಲ್ಲಿ, ಹೆಣ್ಣುಮಕ್ಕಳ ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಕೋರಿಕೆ ತಿರಸ್ಕೃತವಾದ ದಿನ 'ನನ್ನಿಂದಾಗದು' ಎಂದು ಕುಳಿತುಕೊಳ್ಳುವ ಮಗಳಿಗೆ ಇದನ್ನು ಓದಿ ಹೇಳಿ. ಎಲ್ಲ ತಿರಸ್ಕಾರವೂ ಪೂರ್ವಗ್ರಹವಲ್ಲ ಎಂಬುದನ್ನೂ ಹೇಳಿ. ಪರಿಶೀಲಕರು ಕಾರಣ ಕೊಟ್ಟಿದ್ದರೆ ಆ ಕಾರಣವನ್ನು ತೂಗಿ ನೋಡಬೇಕು. ಸರಿಯಿದ್ದರೆ ಒಪ್ಪಬೇಕು, ಸರಿಯಲ್ಲದಿದ್ದರೆ ಸೌಮ್ಯವಾಗಿ ವಿವರಿಸಬೇಕು. ಅಲ್ಲಿ ಬರೆದ ಮಾತು ಬಹುಕಾಲ ಉಳಿಯುತ್ತದೆ.

ಈ ಎಚ್ಚರಗಳಿರಲಿ

ಸಾರ್ವಜನಿಕ ಯೋಜನೆಯಲ್ಲಿ ನೀವು ಮಾಡುವ ಪ್ರತಿಯೊಂದು ಕಮಿಟ್‌ನೊಂದಿಗೆ ನಿಮ್ಮ ಹೆಸರು ಮತ್ತು ಇ-ಮೇಲ್ ವಿಳಾಸ ದಾಖಲಾಗುತ್ತವೆ. ಯಾರು ಬೇಕಾದರೂ ಅವನ್ನು ನೋಡಬಹುದು. ಸ್ವಂತ ವಿಳಾಸ ಕಾಣಬಾರದೆಂದರೆ ಗಿಟ್‌ಲ್ಯಾಬ್‌ನ ಪ್ರೊಫೈಲ್ ವಿಭಾಗದಲ್ಲಿ ಖಾಸಗಿ ಕಮಿಟ್ ವಿಳಾಸವನ್ನು ಆರಿಸಿಕೊಳ್ಳಿ. ನಿಮ್ಮ ಕಂಪ್ಯೂಟರಿನ ಗಿಟ್‌ನಲ್ಲೂ ಅದೇ ವಿಳಾಸವನ್ನು ನಮೂದಿಸಿ. ಈ ಕೆಲಸವನ್ನು ಮೊದಲ ಪುಶ್‌ಗೆ ಮುನ್ನವೇ ಮಾಡಿ ಮುಗಿಸಬೇಕು. ಭಾವಚಿತ್ರ ಹಾಕಲೇಬೇಕೆಂಬ ನಿಯಮವಿಲ್ಲ.

ಪಾಸ್‌ವರ್ಡ್, ಬ್ಯಾಂಕ್ ವಿವರ, ಗುಪ್ತ ಕೀಲಿ ಯಾವುದೂ ಫೈಲಿನಲ್ಲಿ ಸೇರದಂತೆ ನೋಡಿಕೊಳ್ಳಿ. ಮರುದಿನ ಅಳಿಸಿದರೂ ಹಳೆಯ ದಾಖಲೆಯಲ್ಲಿ ಅದು ಉಳಿದಿರುತ್ತದೆ. ಹಾಗೇನಾದರೂ ಆದರೆ ತಕ್ಷಣ ಆ ಪಾಸ್‌ವರ್ಡನ್ನೇ ಬದಲಿಸಿಬಿಡಿ. ಆಫೀಸಿನ ಕೋಡನ್ನು ಹೊರಗಿನ ಯೋಜನೆಗೆ ಹಾಕಬಾರದು. ಇನ್ನೊಬ್ಬರು ಬರೆದದ್ದನ್ನು ಅನುಮತಿಯಿಲ್ಲದೆ ನಮ್ಮದೆಂದು ಸೇರಿಸುವುದು ಪ್ರಾಮಾಣಿಕತೆಗೂ ಕಾನೂನಿಗೂ ವಿರುದ್ಧ.

ಎಲ್ಲಿಂದ ಆರಂಭಿಸುವುದು?

ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಕೆಯಾಗುವ ಗ್ನೋಮ್ ಯೋಜನೆ 2018ರಲ್ಲಿ, ಕೆಡಿಇ 2020ರಲ್ಲಿ ಗಿಟ್‌ಲ್ಯಾಬ್ ವ್ಯವಸ್ಥೆಗೆ ಬಂದವು. ಇಂಥ ಮುಕ್ತ ಯೋಜನೆಗಳು ಹೊಸಬರನ್ನು ಸ್ವಾಗತಿಸುತ್ತವೆ. ಹೊಸಬರಿಗೆಂದೇ ಸುಲಭದ ಕೆಲಸಗಳನ್ನು ಗುರುತಿಸಿ ಇಡುವ ಯೋಜನೆಗಳೂ ಇವೆ. ಮೊದಲ ದಿನವೇ ದೊಡ್ಡ ಪ್ರೋಗ್ರಾಂ ಬರೆಯಬೇಕಿಲ್ಲ. ಸಹಾಯ ಪುಟದ ಕಾಗುಣಿತ ತಪ್ಪು, ಮುರಿದ ಕೊಂಡಿ, ಅಸ್ಪಷ್ಟ ವಾಕ್ಯ, ಇವನ್ನು ಸರಿಪಡಿಸಿದರೂ ಅದು ಪೂರ್ಣ ಪ್ರಮಾಣದ ಮರ್ಜ್ ರಿಕ್ವೆಸ್ಟೇ. ಚಿಕ್ಕ ತಿದ್ದುಪಡಿಗಳನ್ನು ಬ್ರೌಸರ್‌ನಲ್ಲೇ ಮಾಡಲು ಬರುತ್ತದೆ.

ಗ್ನೋಮ್ ಬಳಗದಲ್ಲಿ ಮಹಿಳೆಯರಿಗಾಗಿ ಹುಟ್ಟಿ, ಬಳಿಕ ಔಟ್‌ರೀಚಿ ಎಂಬ ಹೆಸರು ಪಡೆದ ಕಾರ್ಯಕ್ರಮವೊಂದಿದೆ. ಇದು ಮನೆಯಿಂದಲೇ ಮಾಡಬಹುದಾದ, ಸಂಭಾವನೆ ಸಹಿತ ತರಬೇತಿ. ಅರ್ಜಿ ಹಾಕುವವರು ಆಯ್ಕೆಯ ಅವಧಿಯಲ್ಲೇ ಯೋಜನೆಗೆ ಏನಾದರೂ ಕೊಡುಗೆ ಸಲ್ಲಿಸಬೇಕು. ಕೋರಿಕೆ ಸಲ್ಲಿಸಿ ಅಭ್ಯಾಸವಿದ್ದವರಿಗೆ ಅಲ್ಲಿ ಅರ್ಧ ದಾರಿ ಸವೆದಂತೆ.

ಸಹೋದರಿಯರೇ, ಇದಕ್ಕೆ ಬೇಕಾದುದು ಒಂದು ಕಂಪ್ಯೂಟರ್, ಅಂತರ್ಜಾಲ ಸಂಪರ್ಕ ಮತ್ತು ದಿನಕ್ಕೊಂದು ಗಂಟೆಯ ನೆಮ್ಮದಿ. ಮೊದಲೆರಡು ಅನೇಕ ಮನೆಗಳಲ್ಲಿ ಈಗಾಗಲೇ ಇವೆ. ಮೂರನೆಯದನ್ನು ಮನೆಯವರು ಕೊಡಬೇಕು. ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಳ್ಳುವ ಅತ್ತೆ, ರಾತ್ರಿಯ ಪಾತ್ರೆ ತೊಳೆದಿಡುವ ಗಂಡ, 'ಓದಿದ್ದು ವ್ಯರ್ಥವಾಗಬಾರದು' ಎನ್ನುವ ತಂದೆ, ಇವರೆಲ್ಲರೂ ಆ ಕೋರಿಕೆಯ ಹಿಂದಿರುತ್ತಾರೆ. ನಿಮ್ಮ ಮನೆಯಲ್ಲಿ ಕಲಿತು ಸುಮ್ಮನಿರುವ ಮಗಳೋ ಸೊಸೆಯೋ ಇದ್ದರೆ ಈ ವಾರವೇ ಅವಳಿಗೆ ಆ ಒಂದು ಗಂಟೆಯನ್ನು ಬಿಡಿಸಿಕೊಡಿ. ಅವಳು ಮೊದಲ ಕೋರಿಕೆ ಕಳುಹಿಸಲಿ. ವಾಪಸ್ ಬಂದರೆ ತಿದ್ದಿ ಮತ್ತೆ ಕಳುಹಿಸಲಿ.