ತಾತನ ಕೈಯಲ್ಲಿ ತುಳುಕಿದ ಕಾಫಿ

ಮೂರು ತುಂಬಿದರೂ ಮಾತು ಬಾರದ ಮಗನನ್ನು ಎತ್ತಿಕೊಂಡು ಬಂದ ತಾಯಿಗೆ ಜೆನೆಟಿಕ್ಸ್ ಡಾಕ್ಟರು ಕೇಳುವ ಪ್ರಶ್ನೆಗಳು ತಲೆಬುಡವಿಲ್ಲದವು ಅನ್ನಿಸಬಹುದು. ‘ನಿಮ್ಮ ತಂದೆಗೆ ವಯಸ್ಸಾದ ಮೇಲೆ ಕೈ ನಡುಗುತ್ತಿತ್ತಾ? ಕಾಫಿ ಲೋಟ ಬಾಯಿಗೆ ತರುವಷ್ಟರಲ್ಲಿ ತುಳುಕುತ್ತಿತ್ತಾ? ಅಕ್ಕತಂಗಿಯರಲ್ಲಿ ಯಾರಿಗಾದರೂ ನಲವತ್ತರೊಳಗೇ ಮುಟ್ಟು ನಿಂತಿದೆಯಾ?’

ಮಗುವಿನ ಮಾತಿಗೂ ತಾತನ ಕಾಫಿಗೂ ನಂಟು ಬೆಸೆಯುವ ಆ ತೊಂದರೆಯ ಹೆಸರು ಫ್ರಜೈಲ್ ಎಕ್ಸ್. ಸುಮಾರು 4000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ. ಹೆಣ್ಣುಮಕ್ಕಳಲ್ಲಿ ಕಡಿಮೆ. ಅವರಿಗೆ ಇನ್ನೊಂದು ಎಕ್ಸ್ ವರ್ಣತಂತು ಆಸರೆಯಾಗಿರುವುದರಿಂದ ತೀವ್ರತೆಯೂ ಸಾಮಾನ್ಯವಾಗಿ ಕಡಿಮೆಯೇ.

ಎಕ್ಸ್ ವರ್ಣತಂತುವಿನ ತುದಿಯಲ್ಲಿ ಎಫ್‌ಎಂಆರ್‌1 ಎಂಬ ಜೀನ್ ಇದೆ. ಅದರ ಶುರುವಿನಲ್ಲಿ ಸಿ, ಜಿ, ಜಿ ಎಂಬ ಮೂರಕ್ಷರ ರಾಮಕೋಟಿ ಬರೆದ ಹಾಗೆ ಮತ್ತೆ ಮತ್ತೆ ಬರುತ್ತದೆ. 44 ಸಲದವರೆಗೆ ಅದು ಸಹಜ. 55ರಿಂದ 200ರ ನಡುವೆ ಇದ್ದವರು ವಾಹಕರು: ಓದು, ಕೆಲಸ, ಸಂಸಾರ ಎಲ್ಲ ಸರಾಗ. ಆದರೆ ಇಂಥ ಕೆಲವು ಗಂಡಸರಿಗೆ ಐವತ್ತರ ನಂತರ ಏನನ್ನಾದರೂ ಹಿಡಿಯಹೋದಾಗ ಕೈ ನಡುಗುತ್ತದೆ, ನಡಿಗೆ ತೂರಾಡುತ್ತದೆ. ಮನೆಯವರು ಪಾರ್ಕಿನ್ಸನ್ ಅಂದುಕೊಂಡಿರುತ್ತಾರೆ. ಕೆಲವು ವಾಹಕ ಹೆಂಗಸರಿಗೆ ನಲವತ್ತರೊಳಗೇ ಮುಟ್ಟು ನಿಲ್ಲುತ್ತದೆ. ವಾಹಕ ತಂದೆಯ ಎಕ್ಸ್ ಮಗಳಿಗೆ ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ಮಗಳಿಂದ ಮೊಮ್ಮಗನಿಗೆ ದಾಟುವಾಗಲೇ ಆ ಮೂರಕ್ಷರ ಏಕಾಏಕಿ ಬೆಳೆದು 200 ಮೀರಬಹುದು. ಆಗ ಜೀನ್‌ಗೆ ಬೀಗ ಬಿದ್ದಂತೆ. ನರಕೋಶಗಳ ಜೋಡಣೆ ಹದವಾಗಿರಲು ಬೇಕಾದ ಪ್ರೊಟೀನೇ ತಯಾರಾಗುವುದಿಲ್ಲ.

ಎಫ್‌ಎಂಆರ್‌1 ಸಿಕ್ಕಿದ್ದು 1991ರಲ್ಲಿ. ಅದಕ್ಕೂ ಮುಂಚಿನ ಒಂದು ಪ್ರಸಂಗ ನನಗೆ ಬಲು ಇಷ್ಟ. ಆಸ್ಟ್ರೇಲಿಯಾದ ವರ್ಣತಂತು ವಿಜ್ಞಾನಿ ಗ್ರಾಂಟ್ ಸದರ್‌ಲ್ಯಾಂಡ್ ಮೆಲ್ಬರ್ನ್ ಬಿಟ್ಟು ಅಡಿಲೇಡ್‌ಗೆ ಹೋದರು. ಮೆಲ್ಬರ್ನ್‌ನಲ್ಲಿ ಸಲೀಸಾಗಿ ಕಾಣುತ್ತಿದ್ದ, ಫ್ರಜೈಲ್ ಎಕ್ಸ್ ಇದ್ದವರ ಎಕ್ಸ್ ವರ್ಣತಂತುವಿನ ಬಿರುಕು ಅಲ್ಲಿ ಎಷ್ಟು ಹುಡುಕಿದರೂ ಕಾಣಲೊಲ್ಲದು. ಕೊನೆಗೆ ತಿಳಿದದ್ದು, ಜೀವಕೋಶ ಬೆಳೆಸುವ ದ್ರವವೇ ಬೇರೆಯಾಗಿತ್ತು. ಹಳೆಯದರಲ್ಲಿ ಫೋಲಿಕ್ ಆಮ್ಲ ತೀರಾ ಕಡಿಮೆ, ಅದಕ್ಕೇ ಬಿರುಕು ಕಾಣುತ್ತಿತ್ತು. 1977ರಲ್ಲಿ ಇದು ಪ್ರಕಟವಾಯಿತು.

ಈ ಮಕ್ಕಳನ್ನು ಹತ್ತಿರದಿಂದ ನೋಡಬೇಕು. ಉದ್ದ ಮುಖ, ಅಗಲ ಕಿವಿ ಎಂದು ಪುಸ್ತಕ ಹೇಳುತ್ತದೆ, ಚಿಕ್ಕ ವಯಸ್ಸಿನಲ್ಲಿ ಅದು ಎದ್ದು ಕಾಣುವುದೇ ಇಲ್ಲ. ಕಾಣುವುದು ಬೇರೆ. ನೀವು ಕೈ ಚಾಚಿದರೆ ಹುಡುಗ ಕೈ ಕೊಡುತ್ತಾನೆ, ಆದರೆ ಮುಖ, ಮೈ ಎರಡನ್ನೂ ಅತ್ತ ತಿರುಗಿಸಿಕೊಂಡು. ಸೊಕ್ಕಲ್ಲ, ಜನ ಬೇಡವೆಂದೂ ಅಲ್ಲ. ನಿಮ್ಮ ನೋಟವೇ ಅವನಿಗೆ ಹೊರೆ. ಮದುವೆಮನೆಯ ವಾಲಗ ಜೋರಾದರೆ ಕೈ ಕಚ್ಚಿಕೊಳ್ಳುತ್ತಾನೆ. ಬಿಡಿಬಿಡಿ ಅಕ್ಷರ ಕೂಡಿಸಿ ಓದುವುದು, ಲೆಕ್ಕ ಇವರಿಗೆ ಕಷ್ಟ; ಇಡೀ ಪದವನ್ನು ಚಿತ್ರದಂತೆ ಗುರುತಿಸುವುದು ಸುಲಭ. ಕಾಗುಣಿತಕ್ಕಾಗಿ ಬೆತ್ತ ಹಿಡಿಯುವ ಬದಲು ಬಸ್ಸಿನ ಬೋರ್ಡು, ಅಂಗಡಿ ಹೆಸರು ತೋರಿಸಿ ಶುರುಮಾಡಿ ನೋಡಬಹುದು.

ನಮ್ಮಲ್ಲಿ ದೂರು ಮೊದಲು ಬೀಳುವುದು ಸೋದರಮಾವನ ಜತೆಗಿನ ಮದುವೆಯ ಮೇಲೆ, ಆಮೇಲೆ ಸೊಸೆಯ ಮೇಲೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಹೆಚ್ಚುವ ಕಾಯಿಲೆಗಳು ಇವೆ, ಸುಳ್ಳಲ್ಲ. ಇದು ಆ ಪೈಕಿಯದಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರ. ಮಾಮೂಲಿ ವರ್ಣತಂತು ಪರೀಕ್ಷೆಯಲ್ಲಾಗಲಿ, ಜೀನ್‌ಗಳನ್ನು ಓದುವ ದುಬಾರಿ ಎಕ್ಸೋಮ್ ಪರೀಕ್ಷೆಯಲ್ಲಾಗಲಿ ಇದು ತಪ್ಪಿಹೋಗುತ್ತದೆ. ಫ್ರಜೈಲ್ ಎಕ್ಸ್‌ಗೆಂದೇ ರಕ್ತ ಪರೀಕ್ಷೆ ಬರೆಸಿಕೊಳ್ಳಬೇಕು. ಬೇರು ಕೀಳುವ ಔಷಧ ಇಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು.

ರಿಪೋರ್ಟ್ ಕೈಗೆ ಬಂದ ಮೇಲೆ ಡಾಕ್ಟರು ವಂಶವೃಕ್ಷ ಬರೆಯುತ್ತಾರೆ: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ವಾಹಕಿಯಾದರೆ ವೃತ್ತದೊಳಗೊಂದು ಚುಕ್ಕಿ. ತಾತನಿಂದ ಬಂದದ್ದಾದರೆ ಅವರ ಹೆಣ್ಣುಮಕ್ಕಳಿಗೆಲ್ಲ ಚುಕ್ಕಿ ಖಾತ್ರಿ, ಗಂಡುಮಕ್ಕಳಿಗೆ ಇಲ್ಲ. ಆ ಹಾಳೆ ಹಿಡಿದು ಹೊರಬಂದ ತಾಯಿ ಈಗ ತಂಗಿಗೆ ಫೋನ್ ಮಾಡಬೇಕು. ತಂಗಿಗೆ ಮೂರನೇ ತಿಂಗಳು.