ಮಾಳಿಗೆಯ ಹಲಗೆ, ಅಡಿಯ ತೊಲೆ: ಗಣಕದ ಲೆಕ್ಕ

ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್ ಅಥವಾ ಸಿಎಲ್‌ಟಿ ಎಂದರೆ ಮರದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿದ ದಪ್ಪ ಹಲಗೆ. ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ರೂಪುಗೊಂಡ ಈ ಸಾಮಗ್ರಿ ಈಗ ಎತ್ತರದ ಕಟ್ಟಡಗಳಿಗೂ ಬಂದಿದೆ. ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ ಮುಗಿದ 25 ಮಹಡಿಗಳ ‘ಅಸೆಂಟ್’ ಕಟ್ಟಡದ ಮರದ ಭಾಗದಲ್ಲಿ ಮಾಳಿಗೆಗಳು ಸಿಎಲ್‌ಟಿಯವು. ಅವನ್ನು ಹೊತ್ತಿರುವುದು ಗ್ಲುಲ್ಯಾಮ್ ತೊಲೆಗಳು, ಅಂದರೆ ಎಲ್ಲ ಪದರಗಳ ಎಳೆಯೂ ಉದ್ದಕ್ಕೇ ಇರುವಂತೆ ಅಂಟಿಸಿದ ಮರದ ತೊಲೆಗಳು.

ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಇಂಥ ಹಲಗೆ ಒಂದು ಮೇಲ್ಮೈ, ತೊಲೆ ಒಂದು ಗೆರೆ. ದಪ್ಪ, ಎತ್ತರಗಳೆಲ್ಲ ಬರೀ ಅಂಕಿಗಳು. ಗೆರೆಯನ್ನು ಮೇಲ್ಮೈಯ ಮಟ್ಟದಲ್ಲೇ ಎಳೆದರೆ ಹಲಗೆ, ತೊಲೆಗಳ ಬಿಗಿತಗಳು ಸುಮ್ಮನೆ ಕೂಡಿಕೊಳ್ಳುತ್ತವೆ, ಅಷ್ಟೆ. ಗೆರೆಯನ್ನು ತೊಲೆಯ ನಿಜವಾದ ಜಾಗಕ್ಕೆ ಇಳಿಸಿ, ಜಾರದಂತೆ ಗಟ್ಟಿಯಾಗಿ ಜೋಡಿಸಿದರೆ ಕಥೆಯೇ ಬೇರೆ. ಆಗ ಹಲಗೆ ಒತ್ತಡಕ್ಕೂ ತೊಲೆ ಎಳೆತಕ್ಕೂ ಒಳಗಾಗಿ, ಎರಡೂ ಸೇರಿ ‘ಟಿ’ ಆಕಾರದ ಒಂದೇ ತೊಲೆಯಾಗುತ್ತವೆ.

ಈ ವ್ಯತ್ಯಾಸ ಸಣ್ಣದಲ್ಲ. 200 ಮಿ.ಮೀ. ಅಗಲ, 400 ಮಿ.ಮೀ. ಎತ್ತರದ ಗ್ಲುಲ್ಯಾಮ್ ತೊಲೆಯ ಮೇಲೆ 40, 20, 40, 20, 40 ಮಿ.ಮೀ. ಪದರಗಳ ಹಲಗೆ ಇದೆ, ಅದರಲ್ಲಿ 1.5 ಮೀಟರ್ ಅಗಲ ತೊಲೆಗೆ ನೆರವಾಗುತ್ತದೆ ಎಂದಿಟ್ಟುಕೊಂಡರೆ, ಗಟ್ಟಿ ಜೋಡಣೆಯ ಬಿಗಿತ ಬಿಡಿಬಿಡಿ ಲೆಕ್ಕದ ಸುಮಾರು 3.3 ಪಟ್ಟು. ಅದೂ ಹಲಗೆಯ ಅಲ್ಪ ಭಾಗದಿಂದಲೇ! ತೊಲೆಯಿಂದ ತೊಲೆಗೆ ಹಾಸಿದ ಹಲಗೆಯಲ್ಲಿ ತೊಲೆಯ ದಿಕ್ಕಿಗೆ ಎಳೆಯಿರುವುದು 20 ಮಿ.ಮೀ.ನ ಎರಡು ಪದರಗಳಲ್ಲಿ ಮಾತ್ರ. ಉಳಿದ 120 ಮಿ.ಮೀ. ಆ ದಿಕ್ಕಿನಲ್ಲಿ ಲೆಕ್ಕಕ್ಕಿಲ್ಲ.

ವಾಸ್ತವ ಬಿಡಿ ಲೆಕ್ಕಕ್ಕೂ ಗಟ್ಟಿ ಜೋಡಣೆಗೂ ನಡುವೆ ಇರುತ್ತದೆ, ಏಕೆಂದರೆ ಜೋಡಿಸುವುದು ಸ್ಕ್ರೂಗಳು, ಸ್ಕ್ರೂಗಳು ಸ್ವಲ್ಪವಾದರೂ ಜಾರಗೊಡುತ್ತವೆ. 6 ಮೀಟರ್ ಉದ್ದದ ಅದೇ ತೊಲೆಯಲ್ಲಿ 200 ಮಿ.ಮೀ.ಗೊಂದು ಓರೆ ಸ್ಕ್ರೂ ಜೋಡಿ ಇದ್ದು, ಪ್ರತಿ ಜೋಡಿಯೂ ಮಿಲಿಮೀಟರ್ ಜಾರಿಕೆಗೆ 20 ಕಿಲೋನ್ಯೂಟನ್ ತಡೆಯೊಡ್ಡಿದರೆ, ಮರದ ರಚನೆಗಳ ಯುರೋಪಿಯನ್ ಸಂಹಿತೆಯಾದ ಯೂರೋಕೋಡ್ 5ರ ಅನುಬಂಧ ಬಿಯ ಸೂತ್ರದಂತೆ ಬಿಗಿತ 2.1 ಪಟ್ಟಿಗೆ ಇಳಿಯುತ್ತದೆ. ಸಾಫ್ಟ್‌ವೇರಿಗೆ ಇದನ್ನು ಹೇಳುವುದು ಗೆರೆಗೂ ಮೇಲ್ಮೈಗೂ ನಡುವೆ ಸ್ಪ್ರಿಂಗ್ ಇಟ್ಟು. ಸಾಮರ್ಥ್ಯದ ಪರಿಶೀಲನೆಗೆ ಆ ಸ್ಪ್ರಿಂಗಿನ ಬಿಗಿತವನ್ನು ಮೂರನೇ ಎರಡು ಭಾಗಕ್ಕೆ ಇಳಿಸಬೇಕೆಂಬುದೂ 2004ರ ಯೂರೋಕೋಡ್ 5ರ ನಿಯಮ.

ಹಲಗೆಗಳ ನಡುವಿನ ಸಂದುಗಳು ಮರೆತುಹೋಗುವ ಇನ್ನೊಂದು ವಿಷಯ. ಅವು ತೊಲೆಗೆ ಅಡ್ಡಲಾಗಿ ಬರುತ್ತವೆ. ಅಲ್ಲೊಂದು ಸಣ್ಣ ಬಿರುಕು ಉಳಿದರೂ ಒತ್ತಡ ದಾಟಲಾರದು. ಮಾಡೆಲ್‌ನಲ್ಲಿ ಮೇಲ್ಮೈ ಅಖಂಡವಾಗಿದ್ದರೆ ಗಣಕ ಇಲ್ಲದ ನೆರವನ್ನು ಎಣಿಸುತ್ತದೆ. ಸಂದುಗಳ ವಿವರ ಖಚಿತವಾಗದ ಸಾಮಾನ್ಯ ಕಟ್ಟಡದಲ್ಲಿ ತೊಲೆಯೊಂದೇ ಭಾರ ಹೊರುವಂತೆ ವಿನ್ಯಾಸ ಮಾಡುವುದೇ ಹೆಚ್ಚು ವಿವೇಕದ ದಾರಿ.

ಹಲಗೆಯ ಗುಣಗಳನ್ನೂ ಪದರವಾರು ಕೊಡಬೇಕು. ಸಿ24 ದರ್ಜೆಯ ಮರ ಎಳೆಯ ಉದ್ದಕ್ಕೆ ಕತ್ತರಿ ಬಲಕ್ಕೆ ಒಡ್ಡುವ ಬಿಗಿತ 690 ಮೆಗಾಪಾಸ್ಕಲ್. ಅಡ್ಡ ಪದರದ ಎಳೆಗಳು ಒಂದರ ಮೇಲೊಂದು ಉರುಳುವಾಗ ಅದು ಕೇವಲ 50ರ ಆಸುಪಾಸು.

ಆಧಾರಗಳಲ್ಲೂ ಎಚ್ಚರ ಬೇಕು: ಮಾಡೆಲ್‌ನಲ್ಲಿ ಕೆಳಗಿಳಿಸಿದ ತೊಲೆಯ ಎರಡೂ ತುದಿಗಳನ್ನು ಉದ್ದದ ದಿಕ್ಕಿಗೆ ಸರಿಯದಂತೆ ಬಂಧಿಸಿದರೆ ಇಲ್ಲದ ಕಮಾನು ಹುಟ್ಟಿಕೊಂಡು ಬಾಗು ಕೃತಕವಾಗಿ ತಗ್ಗುತ್ತದೆ. ಹಾಗಾಗಿ ಒಂದು ತುದಿ ಸರಿಯುವಂತಿರಬೇಕು. ಇಂಥ ತಪ್ಪನ್ನು ಕೈಲೆಕ್ಕದಲ್ಲೇ ಹಿಡಿಯಬಹುದು. ಸರಳವಾಗಿ ಆಧರಿಸಿದ ತೊಲೆಯ ಯಾವುದೇ ಅಡ್ಡಕೊಯ್ತದಲ್ಲಿ ತೊಲೆಯ ಎಳೆತವೂ ಹಲಗೆಯ ಒತ್ತಡವೂ ಸಮವಾಗಬೇಕು. ಹಲಗೆಯ ಬಾಗುಮೊತ್ತ (ಬೆಂಡಿಂಗ್ ಮೊಮೆಂಟ್), ತೊಲೆಯ ಬಾಗುಮೊತ್ತ, ಆ ಎಳೆತವನ್ನು ಮಧ್ಯರೇಖೆಗಳ ಅಂತರದಿಂದ ಗುಣಿಸಿದ್ದು, ಮೂರೂ ಕೂಡಿದರೆ ನಡುಮಧ್ಯದಲ್ಲಿ ಸಮವಾಗಿ ಹರಡಿದ ಭಾರಕ್ಕೆ ಪ್ರತಿ ಮೀಟರಿನ ಭಾರ ಗುಣಿಸು ಉದ್ದದ ವರ್ಗ ಭಾಗಿಸು 8 ಬರಬೇಕು. ಬರದಿದ್ದರೆ ಆಧಾರಗಳನ್ನೋ ಜೋಡಣೆಯನ್ನೋ ಮತ್ತೆ ನೋಡಬೇಕು.